ಕ್ವಾರ್ಟರ್‌ಬ್ಯಾಕ್‌ಗೆ ಕಣಗಿಲೆ ಹೂ

ಹೋದ ವರ್ಷ ದಸರಾ ಮುಗಿದ ಮೇಲಿನ ಭಾನುವಾರ ನಡೆದದ್ದು ಇದು. ನೆನೆಸಿಕೊಂಡರೆ ಇವತ್ತಿಗೂ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ನಗು ಬರುತ್ತದೆ. ಹುಬ್ಬಳ್ಳಿಯಿಂದ ನಮ್ಮ ಮಾವ ಅಮೆರಿಕದ ಫ್ರೀಮಾಂಟಿಗೆ ಬಂದು ಎರಡು ತಿಂಗಳಾಗಿತ್ತು. ನನ್ನ ಗಂಡ ಆಫೀಸಿನ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ.

ಮಾವ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನಾನು ಮೈಸೂರಿನವಳು. ಅವರ ದನಿ ಜೋರು, ನನ್ನ ಸಿಟ್ಟು ಜೋರು. ಆದರೂ ನಮ್ಮಿಬ್ಬರಿಗೆ ಚೆನ್ನಾಗಿಯೇ ಹೊಂದಿಕೆಯಾಗುತ್ತಿತ್ತು. ದಿನಾ ಜಗಳವಾಗುತ್ತಿದ್ದದ್ದು ಒಂದೇ ವಿಷಯಕ್ಕೆ, ಪೂಜೆಯ ಹೂವಿಗೆ.

ಅಂಗಡಿಯಿಂದ ತಂದ ಹೂವು ಅವರಿಗೆ ಸುತರಾಂ ಆಗದು. ಬೆಳಿಗ್ಗೆ ಸ್ನಾನ ಮುಗಿಸಿ, ಕರವಸ್ತ್ರ ಹಿಡಿದು ಹೊರಟು, ಯಾರ ಮನೆ ಮುಂದೆ ಹೂ ಕಂಡರೂ ನಾಲ್ಕು ಕಿತ್ತು ತರಬೇಕು. ಅವರ ಓಣಿಯಲ್ಲಿ ವಯಸ್ಸಾದವರೆಲ್ಲ ಮಾಡುವುದು ಅದನ್ನೇ. ಇಲ್ಲಿ ಹಾಗೆ ಮಾಡಿದರೆ ಪೊಲೀಸರನ್ನು ಕರೆಯುತ್ತಾರೆ ಎಂದು ನಾನು ಹೆದರಿಸಿದೆ. "ಕಂಪೌಂಡ್ ಇಲ್ಲ, ಗೇಟ್ ಇಲ್ಲ. ಹಿಂಗಿದ್ರ ಹೂ ಯಾರದು ಅಂತ ಹೆಂಗ ತಿಳೀಬೇಕವಾ?" ಎಂದು ನನ್ನನ್ನೇ ಕೇಳಿದರು. ಕೊನೆಗೆ ಒಂದು ರಾಜಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಫ್ರೀವೇ ಎಂಬ ಹೆದ್ದಾರಿಯ ಗೋಡೆಯ ಪಕ್ಕ ಕಣಗಿಲೆ ಗಿಡಗಳಿವೆ. ವಿಷದ ಗಿಡವೆಂದು ಇಲ್ಲಿನವರು ಅದನ್ನು ಮುಟ್ಟುವುದಿಲ್ಲ. ಅದರ ಹೂ ಎಷ್ಟು ಬೇಕಾದರೂ ಕೀಳಲಿ, ಬೇರೆಯವರ ಗಿಡದ ತಂಟೆಗೆ ಹೋಗಬಾರದು. ಶಿವನಿಗೆ ಕಣಗಿಲೆ ಇಷ್ಟವಾದ್ದರಿಂದ ಮಾವನೂ ಒಪ್ಪಿಕೊಂಡರು.

ಅವರಿಗೆ ಸಕ್ಕರೆ ಕಾಯಿಲೆ ಇದೆ. ಎದ್ದ ಕೂಡಲೇ ಮಾತ್ರೆ ನುಂಗುತ್ತಾರೆ, ಆದರೆ ಪೂಜೆಯಾಗದೆ ಬಾಯಿಗೆ ಏನೂ ಹಾಕುವುದಿಲ್ಲ. ಹಾಗಾಗಿ ಅವರು ಹೂ ತರಲು ಹೋದಾಗಲೇ ನಾನು ಒಲೆಯ ಮೇಲೆ ಬಾಣಲೆ ಇಡುತ್ತಿದ್ದೆ. ಅವರ ಪೂಜೆ ಮುಗಿಯುವುದಕ್ಕೂ ಉಪ್ಪಿಟ್ಟು ಆಗುವುದಕ್ಕೂ ಸರಿಹೋಗುತ್ತಿತ್ತು.

ಆ ದಿನ ಉಪ್ಪಿಟ್ಟು ಆರಿ ಗಟ್ಟಿಯಾಯಿತು, ಮಾವ ಬರಲಿಲ್ಲ. ಫೋನ್ ಮಾಡಿದರೆ ಅದು ಅವರ ಮಂಚದ ಪಕ್ಕದಲ್ಲೇ ರಿಂಗಾಯಿತು. ಕೆಳಗೆ ಇಳಿದು ಹಿಂದಕ್ಕೆ ಓಡಿದೆ. ನೋಡಿದರೆ ಕಣಗಿಲೆ ಗಿಡಗಳನ್ನೆಲ್ಲ ಯಾರೋ ಮೊಳಕಾಲ ಮಟ್ಟಕ್ಕೆ ಕತ್ತರಿಸಿ ಹೋಗಿದ್ದರು. ಒಂದು ಹೂವೂ ಉಳಿದಿರಲಿಲ್ಲ. ನನಗೆ ಆಗಲೇ ಅರ್ಥವಾಯಿತು. ಈ ಮನುಷ್ಯ ಬರಿಗೈಲಿ ಮನೆಗೆ ಬರುವವರಲ್ಲ. ಹೂ ಹುಡುಕುತ್ತಾ ಎತ್ತಲೋ ಹೋಗಿದ್ದಾರೆ.

ಅದೇ ಕಾಂಪ್ಲೆಕ್ಸಿನಲ್ಲಿರುವ ನಸೀಮಾ ನನ್ನ ಗೆಳತಿ, ಅವಳೂ ಮೈಸೂರಿನವಳೇ. ಅವಳ ಬಾಗಿಲು ಬಡಿದೆ. ಅವಳು ಕಾರಿನ ಕೀ ತೆಗೆದುಕೊಂಡಳು. ಮೊದಲು ಬಾರ್ಟ್ ರೈಲಿನ ಸ್ಟೇಷನ್ನಿಗೆ ಹೋದೆವು. ರೈಲ್ವೆಯವರಲ್ಲವೇ, ರೈಲು ನೋಡುತ್ತಾ ಮೈಮರೆತು ನಿಂತಿರಬಹುದು ಎಂದು ನನ್ನ ಲೆಕ್ಕ. ಅಲ್ಲಿ ಇರಲಿಲ್ಲ. ಇಂಡಿಯನ್ ಗ್ರೋಸರಿಯಲ್ಲಿ ಕೇಳಿದೆವು, ದೇವಸ್ಥಾನದಲ್ಲಿ ಕೇಳಿದೆವು, ಪಾರ್ಕಿನ ಬೆಂಚುಗಳನ್ನೆಲ್ಲ ನೋಡಿದೆವು. ಹೊತ್ತು ಹೋದ ಹಾಗೆ ನನ್ನ ತಲೆಯಲ್ಲಿ ಒಂದೇ ಯೋಚನೆ. ಮಾತ್ರೆ ಹೊಟ್ಟೆಯಲ್ಲಿದೆ, ಅನ್ನ ಇಲ್ಲ. ಸಕ್ಕರೆ ಇಳಿದು ಎಲ್ಲಾದರೂ ಬಿದ್ದರೆ ಎತ್ತಿದವರಿಗೆ ಇವರು ಯಾರೆಂದು ತಿಳಿಯುವುದಿಲ್ಲ. ಇಂಗ್ಲಿಷ್ ಬಾರದು. ನಮ್ಮ ಅಡ್ರೆಸ್ಸೂ ಅವರಿಗೆ ಬಾಯಿಪಾಠ ಇಲ್ಲ.

ಪೊಲೀಸರಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹೆಂಗಸು ಸಮಾಧಾನವಾಗಿ ಎಲ್ಲ ಕೇಳಿಕೊಂಡಳು. ಬಿಳಿ ಪೈಜಾಮ, ಜುಬ್ಬ, ಅದರ ಮೇಲೆ ನನ್ನ ಗಂಡನ ಕಂಪನಿ ಜಾಕೆಟು, ತಲೆಗೆ ಮಫ್ಲರು ಎಂದು ಹೇಳಿದೆ. ಮರೆವಿನ ಕಾಯಿಲೆ ಇದೆಯೇ ಎಂದು ಕೇಳಿದಳು. ಮರೆವು ಇಲ್ಲ ತಾಯಿ, ಹಠ ಇದೆ ಎನ್ನಬೇಕೆನಿಸಿತು. ಇಲ್ಲ ಎಂದಷ್ಟೇ ಹೇಳಿದೆ. ಒಬ್ಬ ಆಫೀಸರನ್ನು ಕಳಿಸುತ್ತೇವೆ, ನೀವೂ ಹುಡುಕುತ್ತಿರಿ ಎಂದಳು.

ದೊಡ್ಡ ರಸ್ತೆ ದಾಟಿದರೆ ಆಚೆ ಹಳೆಯ ಒಂಟಿ ಮನೆಗಳ ಬಡಾವಣೆ. ಎಲ್ಲ ಬೀದಿಯೂ ಒಂದೇ ತರಹ, ಎಲ್ಲ ಮನೆಯೂ ಒಂದೇ ತರಹ. ನಸೀಮಾ ನಿಧಾನವಾಗಿ ಕಾರು ಓಡಿಸುತ್ತಿದ್ದಳು, ನಾನು ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದೆ. ಗಂಡನಿಗೆ ಇನ್ನೂ ತಿಳಿಸಿರಲಿಲ್ಲ. ನಿಮ್ಮಪ್ಪ ಕಾಣುತ್ತಿಲ್ಲ ಎಂಬ ಮಾತನ್ನು ಯಾವ ಬಾಯಲ್ಲಿ ಹೇಳುವುದು? ಒಂದು ತಿರುವಿನಲ್ಲಿ ಒಂದು ಮನೆಯ ಮುಂದೆ ಸಾಲಾಗಿ ಕಾರುಗಳು ನಿಂತಿದ್ದವು. ಬಾಗಿಲು ತೆರೆದಿತ್ತು. ಆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ, ಗೋಡೆಗೆ ಸೇರಿಸಿ ನೀಟಾಗಿ ಬಿಟ್ಟ ಒಂದು ಜೊತೆ ಚಪ್ಪಲಿ.

"ನಿಲ್ಸೇ," ಎಂದೆ.

ಅಷ್ಟೊಂದು ಜನ ಒಳಗಿದ್ದಾರೆ, ಹೊರಗೆ ಇರುವುದು ಒಂದೇ ಜೊತೆ. ಅಮೆರಿಕನ್ನರ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವವರು ಯಾರು? ಅದೂ ಅಥಣಿಯ ಚರ್ಮದ ಚಪ್ಪಲಿ. ಬಲಗಾಲಿನದರ ಉಂಗುಟದ ಪಟ್ಟಿಗೆ ನಾನೇ ಹಿಂದಿನ ವಾರ ಕಪ್ಪು ದಾರದಲ್ಲಿ ಹೊಲಿಗೆ ಹಾಕಿಕೊಟ್ಟಿದ್ದೆ. ಕಾರಿನಿಂದಿಳಿದು ಓಡಿ ಆ ಹೊಲಿಗೆಯನ್ನು ಮುಟ್ಟಿ ನೋಡಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಸೀಮಾ ನನ್ನ ಬೆನ್ನು ಸವರಿ, ಮೊದಲು ಅವರಿಗೆ ಏನಾದರೂ ತಿನ್ನಿಸು, ಆಮೇಲೆ ಅಳುವಿಯಂತೆ ಎಂದಳು.

ಒಳಗೆ ಹೋದರೆ ದೊಡ್ಡ ಹಾಲ್. ಹತ್ತು ಹದಿನೈದು ಜನ, ಎಲ್ಲರೂ ಕೆಂಪು ಜೆರ್ಸಿ ಹಾಕಿದ್ದಾರೆ. ಮೇಜಿನ ಮೇಲೆ ಫಾಯಿಲ್ ಮುಚ್ಚಿದ ಟ್ರೇಗಳು. ದೊಡ್ಡ ಟೀವಿಯಲ್ಲಿ ಯಾವುದೋ ಹಳೆಯ ಫುಟ್‌ಬಾಲ್ ಮ್ಯಾಚು. ಟೀವಿಯ ಎದುರಿಗೆ ಜೋಡಿ ಕುರ್ಚಿ. ಒಂದರಲ್ಲಿ ಬೆಳ್ಳಗಿನ, ದಪ್ಪಗಿನ, ಮಾವನಷ್ಟೇ ವಯಸ್ಸಾದ ಒಬ್ಬರು ಕೂತಿದ್ದಾರೆ. ಇನ್ನೊಂದರಲ್ಲಿ ನಮ್ಮ ಮಾವ. ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದಾರೆ.

ನನಗೆ ಅಳು ಹೋಗಿ ಸಿಟ್ಟು ಬಂತು. ಎಷ್ಟು ಹೊತ್ತಿನಿಂದ ಹುಡುಕುತ್ತಿದ್ದೇವೆ ಗೊತ್ತಾ ಮಾವ ಎಂದು ಜೋರಾಗಿಯೇ ಶುರುಮಾಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

"ಮೆತ್ತಗ ಮಾತಾಡವಾ. ಸಾವಿನ ಮನಿ ಐತಿ."

ಅವರು ಕಣ್ಣಿನಲ್ಲೇ ತೋರಿಸಿದ ಕಡೆ ನೋಡಿದೆ. ಟೀವಿಯ ಪಕ್ಕ ಗೋಡೆಗೆ ಒರಗಿಸಿದ ಆಳೆತ್ತರದ ಒಂದು ಫೋಟೊ. ಅದರ ಮಗ್ಗುಲ ಗಿಡ್ಡ ಮೇಜಿನ ಮೇಲೆ ಮೇಣದ ಬತ್ತಿ ಉರಿಯುತ್ತಿದೆ, ಹೂದಾನಿ ಇದೆ. ಫೋಟೊದ ಕಾಲ ಬುಡದಲ್ಲಿ ಮಾವನ ಕರವಸ್ತ್ರ ಹಾಸಿ, ಅದರ ಮೇಲೆ ಒಂದು ಬೊಗಸೆ ಕಣಗಿಲೆ ಹೂ.

ಫೋಟೊದಲ್ಲಿದ್ದ ಮನುಷ್ಯ ಯಾರೆಂದು ಇಲ್ಲಿರುವವರಿಗೆ ಹೇಳಬೇಕಾದ್ದೇ ಇಲ್ಲ. ಅಮೆರಿಕದ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ. ಎದುರಾಳಿಗಳು ಮೈಮೇಲೆ ಬಂದು ಬೀಳುವುದರೊಳಗೆ ಯಾರಿಗೆ ಎಸೆಯಬೇಕೆಂದು ಅವನು ನೋಡಿ ಎಸೆಯಬೇಕು. ನಮ್ಮ ಸುತ್ತಿನ ಈ ಬೇ ಏರಿಯಾದಲ್ಲಿ ಒಂದು ಕಾಲಕ್ಕೆ ಆ ಕೆಲಸ ಮಾಡಿದ್ದ ಈ ಮನುಷ್ಯ ಆಟ ಬಿಟ್ಟು ದಶಕಗಳೇ ಕಳೆದಿವೆ. ಆದರೂ ನಾವು ಹೋಗುವ ಟೈರ್ ಅಂಗಡಿಯಲ್ಲಿ ಅವನ ಫೋಟೊ, ಕ್ಷೌರದಂಗಡಿಯಲ್ಲಿ ಅವನ ಫೋಟೊ, ನನ್ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಅವನೇ ನಗುತ್ತಿರುತ್ತಾನೆ. ಅವನು ಆಡಿದ್ದನ್ನು ನೋಡದ ಹುಡುಗರೂ ಅವನ ಜೆರ್ಸಿ ಹಾಕುತ್ತಾರೆ. ಮನುಷ್ಯ ಗುಂಡುಕಲ್ಲಿನ ಹಾಗೆ ಬದುಕಿದ್ದಾನೆ.

ನಗು ತಡೆಯಲು ನಾನು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡೆ. ಮಾವ, ಅವರು ಸತ್ತಿಲ್ಲ, ದೊಡ್ಡ ಆಟಗಾರ, ಇವರೆಲ್ಲ ಅಭಿಮಾನಿಗಳು, ಪಾರ್ಟಿ ಮಾಡುತ್ತಿದ್ದಾರೆ ಎಂದು ಪಿಸುಗುಟ್ಟಿದೆ.

ಮಾವ ನನ್ನ ಮುಖ ನೋಡಿದರು. ಆಮೇಲೆ ಪಕ್ಕದಲ್ಲಿ ಕೂತವರನ್ನು ನೋಡಿದರು.

"ಹಂಗಾದ್ರ ಇವ್ರು ಯಾಕ ಅಳಾಕತ್ತಾರ?"

ನಾನು ಆಗಲೇ ಸರಿಯಾಗಿ ನೋಡಿದ್ದು. ಆ ದಪ್ಪಗಿನ ಮನುಷ್ಯನ ಕೆನ್ನೆ ಒದ್ದೆಯಾಗಿತ್ತು. ಶಬ್ದವಿರಲಿಲ್ಲ, ಕಣ್ಣೀರು ತನ್ನಷ್ಟಕ್ಕೆ ಇಳಿಯುತ್ತಿತ್ತು.

ಏನಾದರೂ ಹೇಳಬೇಕಲ್ಲ. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಇವರು ನಮ್ಮ ಮಾವ, ದಾರಿ ತಪ್ಪಿ ಬಂದಿದ್ದಾರೆ, ಹೂವಿಟ್ಟ ಫೋಟೊ ನೋಡಿ ಇದನ್ನು ಸಾವಿನ ಮನೆ ಎಂದುಕೊಂಡಿದ್ದಾರೆ ಎಂದು ನಗುತ್ತಾ ಹೇಳಿದೆ. ಯಾರೂ ನಗಲಿಲ್ಲ. ಊಟದ ತಟ್ಟೆ ಹಿಡಿದಿದ್ದವರೆಲ್ಲ ಹಾಗೆಯೇ ನಿಂತರು. ಒಬ್ಬ ಹೆಂಗಸು ಮುಖ ಆಚೆ ತಿರುಗಿಸಿಕೊಂಡಳು. ನಾನು ಏನೋ ಎಡವಟ್ಟು ಮಾಡಿದೆ ಎಂದು ತಿಳಿಯಿತು.

"ಅವರು ಸರಿಯಾಗಿಯೇ ತಿಳಿದುಕೊಂಡಿದ್ದಾರೆ," ಎಂದರು ಆ ಮನುಷ್ಯ.

ಅವರ ಹೆಸರು ಹ್ಯಾಂಕ್. ಆಳೆತ್ತರದ ಫೋಟೊದ ಪಕ್ಕದಲ್ಲಿ, ಹೂದಾನಿಯ ಹಿಂದೆ ನಾನು ಗಮನಿಸದೇ ಇದ್ದ ಒಂದು ಚಿಕ್ಕ ಫೋಟೊ ಇತ್ತು. ಕೆಂಪು ಟೋಪಿ ಹಾಕಿಕೊಂಡು ಬಾಯಿ ತುಂಬ ನಗುತ್ತಿದ್ದ ಹೆಂಗಸು. ಅವರ ಹೆಂಡತಿ ಲಿಂಡಾ. ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಆ ದಿನ ಅವರ ಹುಟ್ಟಿದ ಹಬ್ಬ. ಯಾರೂ ಕಪ್ಪು ಬಟ್ಟೆ ಹಾಕಬಾರದು, ಯಾರೂ ಅಳಬಾರದು, ನನ್ನ ಹುಟ್ಟಿದ ಹಬ್ಬಕ್ಕೆ ಎಲ್ಲರೂ ಬಂದು ನನ್ನ ಮ್ಯಾಚು ನೋಡಿ ತಿಂದು ಹೋಗಬೇಕು ಎಂದು ಲಿಂಡಾ ಹೇಳಿ ಹೋಗಿದ್ದರಂತೆ.

ಆ ಮ್ಯಾಚು ಎಂದರೆ ಈಗಷ್ಟೇ ಟೀವಿಯಲ್ಲಿ ಕೊನೆಗೆ ಬಂದಿದ್ದದ್ದೇ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸ್ಟೇಡಿಯಮ್ಮಿನಲ್ಲಿ ಕೂತು ನೋಡಿದ್ದಂತೆ. ಆಟ ಇನ್ನೇನು ಮುಗಿಯಿತು, ಸೋತೆವು ಎಂದು ಜನ ಎದ್ದು ಹೊರಡುತ್ತಿದ್ದಾಗ ಈ ಕ್ವಾರ್ಟರ್‌ಬ್ಯಾಕ್ ಗಡಿಬಿಡಿಯಿಲ್ಲದೆ, ಮನೆಯ ಹಿತ್ತಿಲಲ್ಲಿ ಆಡುವವನ ಹಾಗೆ ಒಂದೊಂದೇ ಚೆಂಡು ಎಸೆಯುತ್ತಾ ತಂಡವನ್ನು ಮುಂದಕ್ಕೆ ತಂದನಂತೆ. ಕೊನೆಯ ಎಸೆತದಲ್ಲಿ ಚೆಂಡು ಗಾಳಿಯಲ್ಲಿರುವಾಗ ಲಿಂಡಾ ಗಂಡನ ಕೈ ಹಿಡಿದು ಹಿಸುಕಿದ್ದರಂತೆ. ಆಮೇಲೆ ಪ್ರತಿ ಹುಟ್ಟಿದ ಹಬ್ಬಕ್ಕೂ ಅದೇ ಮ್ಯಾಚು. ಚೆಂಡು ಸಿಗುತ್ತದೆ ಎಂದು ಗೊತ್ತಿದ್ದೂ, ಅದು ಗಾಳಿಯಲ್ಲಿರುವಷ್ಟು ಹೊತ್ತು ಪ್ರತಿ ವರ್ಷವೂ ಕೈ ಹಿಸುಕುತ್ತಿದ್ದರಂತೆ.

ಹ್ಯಾಂಕ್ ಮಾವನ ಕೈ ಬಿಡದೆಯೇ ಮುಂದಿನದನ್ನೂ ಹೇಳಿದರು. ಬೆಳಿಗ್ಗೆಯಿಂದ ಆ ಪಕ್ಕದ ಕುರ್ಚಿಯನ್ನು ಎಲ್ಲರೂ ಖಾಲಿ ಬಿಟ್ಟಿದ್ದರು, ಅದು ಲಿಂಡಾ ಕೂರುವ ಕುರ್ಚಿ. ಯಾರೋ ಅಪರಿಚಿತರು ಬಂದರು, ಫೋಟೊಕ್ಕೆ ಹೂವಿಟ್ಟು ಕೈಮುಗಿದರು. ಇಂಥ ಅಭಿಮಾನಿಯನ್ನು ನಾವು ಕಂಡೇ ಇಲ್ಲ ಎಂದುಕೊಂಡರಂತೆ. ಆಮೇಲೆ ಅವರು ನೇರವಾಗಿ ಹೋಗಿ ಆ ಕುರ್ಚಿಯಲ್ಲಿ ಕೂತರು. ಹ್ಯಾಂಕ್ ಅವರ ತಂಗಿ ಎಬ್ಬಿಸಲು ಬಂದಳು, ಇರಲಿ ಬಿಡು ಎಂದು ಹ್ಯಾಂಕ್ ಅವರೇ ತಡೆದರು.

"ಎಲ್ಲರೂ ನನ್ನನ್ನು ನಗಿಸಲು ನೋಡುತ್ತಿದ್ದರು. ಕೊನೆಯ ಎಸೆತ ಬಂತು. ಅಭ್ಯಾಸಬಲ, ನನ್ನ ಕೈ ತಾನೇ ಆ ಕುರ್ಚಿಯ ಕಡೆ ಹೋಯಿತು. ಇವರು ಹಿಡಿದುಕೊಂಡರು. ಇನ್ನೂ ಬಿಟ್ಟಿಲ್ಲ."

ನಾನು ಇದನ್ನೆಲ್ಲ ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ತಲೆಯಾಡಿಸುತ್ತಾ ಕೇಳಿದರು. ಅವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಮಂದಿ ಮನೆಯಿಂದ ಅಡುಗೆ ಮಾಡಿಕೊಂಡು ತರುತ್ತಿದ್ದುದು ಕಂಡಿತಂತೆ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನೆರೆಯವರೇ ಊಟ ತರುತ್ತಾರೆ. ಈ ಬಡಾವಣೆಯಲ್ಲಿ ಎಲ್ಲೋ ಕಣಗಿಲೆ ಕಂಡು ಕಿತ್ತುಕೊಂಡು, ತಿರುಗಿ ಬರುವ ದಾರಿ ತಪ್ಪಿ, ಕೇಳಲೆಂದು ಬಾಗಿಲಿಗೆ ಬಂದವರು ಅದನ್ನು ನೋಡಿ, ಫೋಟೊ ನೋಡಿ, ಇಂಥ ಹೊತ್ತಿನಲ್ಲಿ ತಮ್ಮ ದಾರಿಯ ಚಿಂತೆ ಹೇಳುವುದು ಸರಿಯಲ್ಲವೆಂದು ಸುಮ್ಮನೆ ಕೂತಿದ್ದರು. ಬಂದು ಕೂತ ಮೇಲೆ ತಟ್ಟನೆ ಎದ್ದು ಹೋಗುವ ಹಾಗೂ ಇಲ್ಲ.

ಅಷ್ಟರಲ್ಲಿ ಮಾವನ ಹಣೆಯ ಮೇಲೆ ಬೆವರು ಕಂಡಿತು. ಬಿಡಿಸಿಕೊಂಡ ಕೈ ನಡುಗುತ್ತಿತ್ತು. ಅವರಿಗೆ ತಕ್ಷಣ ಸಿಹಿ ಏನಾದರೂ ಬೇಕು ಎಂದೆ. ನಾಲ್ಕು ಜನ ಅಡುಗೆಮನೆಗೆ ಓಡಿದರು. ಕಿತ್ತಳೆ ಜ್ಯೂಸು ಬಂತು, ಲಿಂಡಾ ಹೆಸರಿನ ಕೇಕು ಬಂತು. ಮಾವ ಕೈ ಅಡ್ಡ ಇಟ್ಟರು. ಪೂಜೆ ಆಗಿಲ್ಲ, ಅದೂ ಅಲ್ಲದೆ ಸಾವಿನ ಮನೆಯಲ್ಲಿ ತಾವು ಏನೂ ಮುಟ್ಟುವುದಿಲ್ಲ. ನಾನು ಬೇಡಿಕೊಂಡೆ, ಗದರಿದೆ, ಕೇಳಲಿಲ್ಲ. ಹ್ಯಾಂಕ್ ಏನೆಂದು ವಿಚಾರಿಸಿದರು. ಹೇಳಿದೆ. ಅವರು ಕೇಕಿನ ತಟ್ಟೆಯನ್ನು ತಾವೇ ಹಿಡಿದು, ಹಸಿದವರನ್ನು ಈ ಮನೆಯಿಂದ ಹಾಗೇ ಕಳಿಸಿದರೆ ಲಿಂಡಾ ನನ್ನನ್ನು ಸುಮ್ಮನೆ ಬಿಡುವವಳಲ್ಲ, ಹಾಗಂತ ಹೇಳು ಎಂದರು. ಅದನ್ನು ಕೇಳಿ ಮಾವ ಆ ಚಿಕ್ಕ ಫೋಟೊದ ಕಡೆ ಒಮ್ಮೆ ನೋಡಿದರು. ಲೋಟ ಎತ್ತಿಕೊಂಡು ಜ್ಯೂಸು ಕುಡಿದರು, ಕೇಕೂ ತಿಂದರು. ಕೇಕಿನಲ್ಲಿ ಮೊಟ್ಟೆ ಇರುತ್ತದೆ ಎಂಬ ವಿಷಯಕ್ಕೆ ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಕೈ ನಡುಕ ನಿಂತಿತು. ಮುಖಕ್ಕೆ ಕಳೆ ಬಂತು. ನಾನು ಪೊಲೀಸರಿಗೆ ಫೋನ್ ಮಾಡಿ ಸಿಕ್ಕಿದ್ದಾರೆ ಎಂದು ತಿಳಿಸಿದೆ. ಆ ಮಾತು ಹೇಳುವಾಗ ನನಗಾದ ಸುಖವನ್ನು ಹೇಗೆ ಬರೆಯಲಿ? ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರು ಆಗ ಪೂರ್ತಿ ಹೊರಗೆ ಬಂತು.

ಹೊರಡುವಾಗ ಮಾವ ಯಾರಿಗೂ ಏನೂ ಹೇಳದೆ ಬಾಗಿಲ ಕಡೆ ನಡೆದರು. ನನಗೆ ಅದು ಗೊತ್ತು. ಬೇರೆ ಯಾವ ಮನೆಯಿಂದ ಹೊರಟರೂ ಹೋಗಿ ಬರುತ್ತೇವೆ ಎನ್ನುವ ನಾವು, ಸಾವಿನ ಮನೆಯಲ್ಲಿ ಮಾತ್ರ ಹಾಗೆ ಹೇಳುವುದಿಲ್ಲ. ಮನೆಯವರೂ ಮತ್ತೆ ಬನ್ನಿ ಎನ್ನುವುದಿಲ್ಲ. ಆದರೆ ಹ್ಯಾಂಕ್‌ಗೆ ಅದು ಹೇಗೆ ಗೊತ್ತಾಗಬೇಕು? ಅವರು ನಮ್ಮ ಹಿಂದೆಯೇ ಮೆಟ್ಟಿಲವರೆಗೆ ಬಂದರು. ಮುಂದಿನ ವರ್ಷವೂ ಇದೇ ದಿನ ನಾವು ಮ್ಯಾಚು ನೋಡುತ್ತೇವೆ, ಅವರು ಬರುತ್ತಾರಾ ಕೇಳು ಎಂದರು.

ನಾನು ಹಿಂಜರಿದೆ. ಕೊನೆಗೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡದಲ್ಲಿ ಹೇಳಿದೆ. ಮಾವ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು. ಇನ್ನೊಂದನ್ನು ಅಲ್ಲೇ ಬಿಟ್ಟರು. ಆಮೇಲೆ ತಿರುಗಿ ಹ್ಯಾಂಕ್ ಕಡೆಗೆ ಕೈಮುಗಿದರು.

"ಬರ್ತೀನ್ರಿ," ಎಂದರು. ನನ್ನ ಕಡೆ ನೋಡಿ, "ಅವ್ರಿಗೆ ತಿಳಿಯಂಗ ಹೇಳವಾ," ಎಂದರು.

ಬಯ್ಯಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತು ಬಿಟ್ಟು, ಕಾರಿನಲ್ಲಿ ನಾನು ಮಾವನ ಮಫ್ಲರು ಸರಿಮಾಡಿದೆ. ಮಾವ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ನಮ್ಮ ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅವರ ವಿಷಯವನ್ನು ಮಾವ ನಮ್ಮೆದುರಿಗೆ ಆಡಿದ್ದೇ ಇಲ್ಲ. ಆ ದಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ತಾವಾಗಿಯೇ ಹೇಳಿದರು.

"ನಿಮ್ಮತ್ತಿ ಹೋದಾಗ ಮಂದಿ ಬಾಳ ಬಂದಿದ್ರು. ಎಲ್ಲಾರೂ ನನಗ ಧೈರ್ಯ ಹೇಳಿದ್ರು. ಸುಮ್ನ ಬಾಜೂಕ ಕೂಡೋರು ಒಬ್ರೂ ಇರಲಿಲ್ಲ ನೋಡು."

ನಸೀಮಾ ಸಿಗ್ನಲ್ ಹಸಿರಾದರೂ ಕಾರು ಹೊರಡಿಸಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಮಾವ ಈಗ ಹುಬ್ಬಳ್ಳಿಯಲ್ಲಿ ನಮ್ಮ ಮೈದುನನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಹಾಯಾಗಿದ್ದಾರೆ. ಈ ವರ್ಷ ಇಲ್ಲಿಗೆ ಬರಲಾಗಲಿಲ್ಲ. ದಸರಾ ಹತ್ತಿರ ಬಂದಾಗ ಫೋನ್ ಮಾಡಿ, ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ, ನೀನು ಹೋಗು ಎಂದರು. ಕಣಗಿಲೆ ಹೂ ಮರೆಯಬೇಡ ಎಂದೂ ಹೇಳಿದರು. ಫ್ರೀವೇ ಪಕ್ಕದ ಗಿಡಗಳು ಮತ್ತೆ ಚಿಗುರಿ ಮೈತುಂಬ ಹೂ ಬಿಟ್ಟಿದ್ದವು. ಒಂದು ಕರವಸ್ತ್ರದ ತುಂಬ ಕಿತ್ತುಕೊಂಡು ಹೋದೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟೆ. ಆಳೆತ್ತರದ ಫೋಟೊಕ್ಕೆ ಅರ್ಧ ಹೂ ಇಟ್ಟೆ, ಚಿಕ್ಕ ಫೋಟೊಕ್ಕೆ ಅರ್ಧ. ಹ್ಯಾಂಕ್ ಆ ಕುರ್ಚಿಯನ್ನು ತೋರಿಸಿದರು.

ಆ ಕ್ವಾರ್ಟರ್‌ಬ್ಯಾಕ್ ಎಷ್ಟು ಮ್ಯಾಚು ಗೆದ್ದ, ಎಷ್ಟು ದಾಖಲೆ ಮಾಡಿದ ಎಂಬುದು ನನಗೆ ಈಗಲೂ ಗೊತ್ತಿಲ್ಲ. ಅವನ ಆಟದಿಂದ ಏನು ಉಳಿದಿದೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಕುರ್ಚಿಗಳನ್ನು ತೋರಿಸುತ್ತೇನೆ. ಆಟದ ನಿಯಮ ಅರ್ಥವಾಗದೆ ಆಕಳಿಸುತ್ತಾ ಕೂತಿದ್ದೆ. ಕೊನೆಗೆ ಆ ಎಸೆತ ಬಂತು. ಹ್ಯಾಂಕ್ ಕೈ ಚಾಚಿದರು, ನಾನು ಹಿಡಿದುಕೊಂಡೆ. ಚೆಂಡು ಸಿಕ್ಕೇ ಸಿಗುತ್ತದೆ ಎಂದು ನನಗೂ ಗೊತ್ತಿತ್ತು. ಆದರೂ ಅದು ಗಾಳಿಯಲ್ಲಿದ್ದಷ್ಟು ಹೊತ್ತು ಉಸಿರು ಬಿಗಿಹಿಡಿದು ಅವರ ಕೈ ಹಿಸುಕುತ್ತಿದ್ದೆ. ಸಿಕ್ಕಿತು. ಹೋದ ವರ್ಷ ಅದೇ ಮನೆಯ ಮೆಟ್ಟಿಲ ಮೇಲೆ ಆ ಕಪ್ಪು ದಾರದ ಹೊಲಿಗೆ ಕಂಡಾಗ ಆದ ನಿರಾಳವೇ ಮತ್ತೊಮ್ಮೆ ಆಯಿತು.